ಆಯಿಯ ಅಲ್ಯುಮಿನಿಯಂ ಪೆಟ್ಟಿಗೆ

ಮೊನ್ನೆ ದೀಪಾವಳಿಗೆ ಸಾಂಬ್ರಾಕ್ಕೆ ಹೋಗಿದ್ದೆ. ಹಳೇ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತಾಮ್ರದ ಹಂಡೆ, ಮುರಿದ ತೊಟ್ಟಿಲು, 1980ರ ದಶಕದ ಒಂದು ರಾಶಿ ಕ್ಯಾಲೆಂಡರ್... ಅವೆಲ್ಲದರ ಹಿಂದೆ ಒಂದು ಅಲ್ಯುಮಿನಿಯಂ ಪೆಟ್ಟಿಗೆ. ಮೂಲೆಗಳು ತಗ್ಗು ಬಿದ್ದಿವೆ, ಮುಚ್ಚಳದ ಕೊಂಡಿಗೆ ಸೆಣಬಿನ ಹಗ್ಗ ಕಟ್ಟಿದೆ. ನಾನು ಚಿಕ್ಕವನಿದ್ದಾಗ ಅದನ್ನು ಮುಟ್ಟಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಆಯಿಯ ಪೆಟ್ಟಿಗೆ ಅದು.

ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಮರಾಠಿಯಲ್ಲಿ ಆಯಿ ಅಂದ್ರೆ ತಾಯಿ. ಸಾಂಬ್ರಾದಲ್ಲಿ ಅರ್ಧ ಓಣಿ ಕನ್ನಡ, ಅರ್ಧ ಓಣಿ ಮರಾಠಿ. ಹಾಗಾಗಿ ನನ್ನ ಜೊತೆ ಆಡುತ್ತಿದ್ದ ಹುಡುಗನೊಬ್ಬ ಬಹಳ ವರ್ಷ ನನ್ನ ತಾಯಿ ಇಷ್ಟು ಮುದುಕಿ ಯಾಕೆ ಅಂತ ಯೋಚನೆ ಮಾಡ್ತಿದ್ದನಂತೆ :) ಊರಿನವರಿಗೆ ಮಾತ್ರ ಆಕೆ 'ನರ್ಸಬಾಯಿ'. ನಿಜವಾದ ಹೆಸರು ರೇಶನ್ ಕಾರ್ಡಿನಲ್ಲಿ, ಪೆನ್ಶನ್ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿರಲಿಲ್ಲ. ಆಯಿ ತೀರಿಕೊಂಡಿದ್ದು 2022ರಲ್ಲಿ. ಅವಳ ಬಗ್ಗೆ ಬರೀಬೇಕು ಅಂತ ಅಂದಿನಿಂದಲೂ ಅಂದುಕೊಳ್ಳುತ್ತಲೇ ಇದ್ದೆ. ಪೆಟ್ಟಿಗೆ ಸಿಕ್ಕ ಮೇಲೆ ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆಯಿ ಹುಟ್ಟಿದ್ದು 1936ರಲ್ಲಿ, ಇದೇ ಸಾಂಬ್ರಾದಲ್ಲಿ. ಅವಳಿಗೆ ಆರು ವರ್ಷವಾದಾಗ, ಅಂದರೆ 1942ರಲ್ಲಿ, ಬ್ರಿಟಿಷ್ ವಾಯುಪಡೆ ಇಲ್ಲಿ ವಿಮಾನದ ಪಟ್ಟಿ ಕಟ್ಟಿತು. ಎರಡನೇ ಮಹಾಯುದ್ಧದ ಕಾಲ. ತರಬೇತಿಗೆ ಮತ್ತು ಬರ್ಮಾ ಕಡೆಯ ಸೈನ್ಯಕ್ಕೆ ಬೆಂಬಲವಾಗಿ ಈ ನಿಲ್ದಾಣ ಬೇಕಾಗಿತ್ತು. ಜೋಳದ ಹೊಲಗಳ ನಡುವೆ ಒಮ್ಮೆಲೇ ವಿಮಾನ! ಆಯಿಯ ಅಪ್ಪ ಅಲ್ಲಿ ಖಡಿ ಒಡೆಯುವ ಕೂಲಿಗೆ ಹೋಗುತ್ತಿದ್ದ. ಈಗ ಅಲ್ಲೇ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ, ಪಕ್ಕದಲ್ಲಿ ನಾಗರಿಕ ವಿಮಾನ ನಿಲ್ದಾಣ.

ಆಯಿ ಮುಲ್ಕಿ ಪಾಸಾದಳು. ಹಳೇ ಮುಂಬೈ ಕರ್ನಾಟಕದವರಿಗೆ ಮುಲ್ಕಿ ಅಂದರೆ ಗೊತ್ತಾಗುತ್ತೆ, ಏಳನೇ ಇಯತ್ತೆಯ ಪರೀಕ್ಷೆ. ಅದನ್ನು ಪಾಸಾದವರು ಸಾಲಿ ಮಾಸ್ತರರಾಗಬಹುದಿತ್ತು. ಹಾಗಿದ್ದೂ ನರ್ಸಿಂಗ್ ಯಾಕೆ ಹಿಡಿದೆ ಅಂತ ಒಮ್ಮೆ ಕೇಳಿದ್ದೆ. ಸೇವೆ, ಕರುಣೆ, ದೀಪ ಹಿಡಿದ ಮಹಿಳೆ ಅಂತೆಲ್ಲ ಏನಾದರೂ ಬರುತ್ತೆ ಅಂತ ಕಾದಿದ್ದೆ. ಆಯಿ ಹೇಳಿದ್ದು ಇಷ್ಟು:

"ಕಲಿಯಾಗ ರೊಕ್ಕ ಕೊಡತಿದ್ರು. ಊಟಾನೂ ಕೊಡತಿದ್ರು. ಮನ್ಯಾಗ ಎರಡೂ ಇರಲಿಲ್ಲ."

ನರ್ಸ್ ಕೆಲಸಕ್ಕೆ ಆಗ ಮರ್ಯಾದೆ ಇರಲಿಲ್ಲ. ಗಂಡಸರ ಮೈ ಮುಟ್ಟುವುದು, ಜಾತಿ ನೋಡದೆ ಹೊಲಸು ಬಳಿಯುವುದು, ರಾತ್ರಿ ಪಾಳಿ... ಮುಂಬೈಯ ಕಾಮಾ ಆಸ್ಪತ್ರೆಯಲ್ಲಿ ಬಾಯಿ ಕಾಶೀಬಾಯಿ ಗಣಪತ್ 1891ರಲ್ಲಿ ನರ್ಸಿಂಗ್ ಕಲಿಯಲು ಸೇರಿದ್ದನ್ನು ಪಠ್ಯಪುಸ್ತಕಗಳು ಭಾರತೀಯ ಹೆಣ್ಣುಮಕ್ಕಳ ಮೊದಲ ಹೆಜ್ಜೆ ಅಂತ ಹೇಳುತ್ತವೆ. ಅದಾಗಿ ಅರವತ್ತು ವರ್ಷ ಕಳೆದರೂ ನಮ್ಮ ಕಡೆ ಈ ಕೆಲಸಕ್ಕೆ ಬರುತ್ತಿದ್ದವರು ಹೆಚ್ಚಾಗಿ ಕ್ರಿಶ್ಚಿಯನ್ ಹುಡುಗಿಯರು, ಇಲ್ಲವೇ ವಿಧವೆಯರು. ಆಯಿ ಎರಡೂ ಅಲ್ಲ. ಅವಳ ಸೋದರಮಾವ ಎರಡು ವರ್ಷ ಮನೆಗೆ ಕಾಲಿಡಲಿಲ್ಲ.

ಕೊರತೆ ಎಷ್ಟಿತ್ತು ಅನ್ನೋದಕ್ಕೆ 1946ರ ಭೋರ್ ಸಮಿತಿಯ ವರದಿ ನೋಡಬೇಕು. ಅಖಂಡ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬಳು! ತರಬೇತಿ ಪಡೆದ ಸೂಲಗಿತ್ತಿಯರಂತೂ 60,000 ಜನರಿಗೆ ಒಬ್ಬರು. ಮೂರು ವರ್ಷದ ಪೂರ್ತಿ ನರ್ಸಿಂಗ್ ಕಲಿಸುತ್ತ ಕೂತರೆ ಹಳ್ಳಿಗೆ ಯಾರೂ ತಲುಪೋದಿಲ್ಲ ಅಂತ ಗೊತ್ತಾಗಿ, 1950ರಲ್ಲಿ ನರ್ಸಿಂಗ್ ಕೌನ್ಸಿಲ್ ಎರಡು ವರ್ಷದ ಸಹಾಯಕ ನರ್ಸ್-ಸೂಲಗಿತ್ತಿ ತರಬೇತಿಗೆ ಒಪ್ಪಿಗೆ ಕೊಟ್ಟಿತು. ನಾವು ಇವತ್ತು ಎಎನ್ಎಂ ಅಂತ ಕರೆಯುವವರು ಇವರೇ. ಆಯಿ ಈ ದಾರಿಯ ಮೊದಮೊದಲ ತಂಡಗಳಲ್ಲಿ ಬಂದವಳು.

1954ರಲ್ಲಿ ಸುಳೇಭಾವಿ ಸ್ಟೇಶನ್ನಿನಲ್ಲಿ ರೈಲು ಹತ್ತಿ ಮಿರಜಕ್ಕೆ ಹೋದಳು. ಮಿರಜ ಆಗಲೇ ದವಾಖಾನೆಗಳ ಊರು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಿದ್ದರು. ಬೆಳಗಾವಿ, ವಿಜಾಪುರ ಕಡೆಯ ಜನ ದೊಡ್ಡ ರೋಗ ಅಂದರೆ ಮಿರಜದ ಗಾಡಿ ಹತ್ತುತ್ತಿದ್ದರು. ತರಬೇತಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ 1956ರ ನವೆಂಬರ್ 1 ಬಂತು. ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಮಿರಜ ಮುಂಬೈ ರಾಜ್ಯದಲ್ಲೇ ಉಳಿಯಿತು. ಕಲಿತದ್ದು ಒಂದು ರಾಜ್ಯದಲ್ಲಿ, ಕೆಲಸ ಇನ್ನೊಂದರಲ್ಲಿ. ಸರ್ಟಿಫಿಕೇಟನ್ನು ಬೆಂಗಳೂರಿಗೆ ಕಳಿಸಿ ವಾಪಸ್ ತರಿಸಿಕೊಳ್ಳುವಷ್ಟರಲ್ಲಿ ಸಾಕಾಗಿ ಹೋಯಿತಂತೆ. ಬೆಂಗಳೂರು ಅಂದರೆ ಆಗ ನಮ್ಮವರಿಗೆ ಮುಂಬೈಗಿಂತ ದೂರ. (ಈಗಲೂ ಕೆಲವರಿಗೆ ಹಾಗೇ ಅನಿಸುತ್ತೆ, ಆ ಜಗಳ ಇಲ್ಲಿ ಬೇಡ.)

ಮೊದಲ ಪೋಸ್ಟಿಂಗ್ ಖಾನಾಪುರ ತಾಲೂಕಿನ ಕಾಡು, ಲೋಂಡಾದ ಆಚೆ. ಖಾನಾಪುರ ನೋಡದವರಿಗೆ ಒಂದು ಮಾತು: ಬೆಳಗಾವಿಯಿಂದ ಪೂರ್ವಕ್ಕೆ ಸಾಂಬ್ರಾ, ಕಪ್ಪು ಮಣ್ಣು, ಬಯಲು. ದಕ್ಷಿಣಕ್ಕೆ ಅಷ್ಟೇ ಹೊತ್ತು ಪ್ರಯಾಣ ಮಾಡಿದರೆ ಕೆಂಪು ಮಣ್ಣು, ಹೆಂಚಿನ ಮನೆ, ಭತ್ತ, ಜೂನ್‌ನಿಂದ ನಾಲ್ಕು ತಿಂಗಳು ಬಿಡದ ಮಳೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಒಂದೇ ಜಿಲ್ಲೆಯ ಎರಡು ಲೋಕ. ಬಯಲಿನ ಹುಡುಗಿ ಆಯಿ ಮೊದಲ ಮಳೆಗಾಲದಲ್ಲಿ ಅತ್ತಿದ್ದಳಂತೆ, ಹೊದಿಯಲು ಒಣಗಿದ ಬಟ್ಟೆಯೇ ಇಲ್ಲದೆ.

ಆ ಕಡೆ ಮೊದಲಿಂದಲೂ ಚಳಿಜ್ವರದ ಸೀಮೆ. ಮಲೇರಿಯಾಕ್ಕೆ ಹೆದರಿ ಆ ಕಾಡಿನ ಊರುಗಳಿಗೆ ಹೆಣ್ಣು ಕೊಡುತ್ತಿರಲಿಲ್ಲ ಅಂತ ಹಿರಿಯರು ಹೇಳೋದನ್ನು ನೀವೂ ಕೇಳಿರಬಹುದು. ಪಕ್ಕದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮುಂಬೈ ಸರ್ಕಾರ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರಿಂದಲೇ ಮನೆಮನೆಗೆ ಡಿಡಿಟಿ ಹೊಡೆಸಿತ್ತು. ಅದರ ಯಶಸ್ಸು ನೋಡಿಯೇ 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ಯೋಜನೆ ಬಂದಿದ್ದು. ಇದು ನಮ್ಮ ಪಕ್ಕದಲ್ಲೇ ನಡೆದ ಇತಿಹಾಸ, ಆದರೆ ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಬರುತ್ತಿದ್ದ ಮಲೇರಿಯಾ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೋಡೆಯ ಮೇಲೆ ತಾರೀಖು ಬರೆದ ಡಿಡಿಟಿಯ ಗುರುತು ಕಂಡರೆ ಆಯಿಗೆ ಧೈರ್ಯ. ಆ ಮನೆಯ ಬಸುರಿ ಚಳಿಜ್ವರಕ್ಕೆ ಸಾಯೋದಿಲ್ಲ ಅಂತ.

1961ರ ಡಿಸೆಂಬರ್‌ನಲ್ಲಿ ಆಯಿ ಅಲ್ಲೇ ಇದ್ದಳು. ಪ್ಯಾಸೆಂಜರ್ ಗಾಡಿಗಳು ರದ್ದು, ರೈಲು ತುಂಬ ಸೈನಿಕರು, ಅನಮೋಡ ಘಾಟಿನ ಕಡೆಗೆ ಸಾಲು ಸಾಲು ಲಾರಿ. ಡಿಸೆಂಬರ್ 18ರ ಮುಂಜಾನೆ ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾಯಿತು. ಬಾಂಬೋಳಿಯ ರೇಡಿಯೋ ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಹಾರಿದ್ದು ಸಾಂಬ್ರಾದಿಂದ. ಅವಳ ಅಪ್ಪ ಖಡಿ ಒಡೆದ ನೆಲದಿಂದ! ಆ ಬೆಳಿಗ್ಗೆ ಆಯಿ ಒಂದು ಗೌಳಿವಾಡದಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ತಲೆಯ ಮೇಲೆ ಗುಡುಗಿದಂತೆ ಸದ್ದು ಬಂದಾಗ ಬಾಣಂತಿಯ ಅತ್ತೆ ಓಡಿ ಹೋಗಿ ಎಮ್ಮೆಗಳನ್ನು ಒಳಗೆ ಕಟ್ಟಿದಳಂತೆ, ಸೊಸೆಯನ್ನು ಬಿಟ್ಟು. ಆಯಿ ಈ ಕಥೆ ಹೇಳುವಾಗ ಯುದ್ಧಕ್ಕಿಂತ ಎಮ್ಮೆಗಳ ಭಾಗವೇ ಉದ್ದ ಇರುತ್ತಿತ್ತು.

ಈಗ ಪೆಟ್ಟಿಗೆಗೆ ಬರ್ತೀನಿ. ಇಂಥ ಪೆಟ್ಟಿಗೆಗಳನ್ನು ಯುನಿಸೆಫ್ ಸೂಲಗಿತ್ತಿಯರಿಗಾಗಿ ಕೊಡುತ್ತಿತ್ತು. ಒಳಗೆ ಕತ್ತರಿ, ಹೊಕ್ಕುಳಬಳ್ಳಿ ಕಟ್ಟುವ ದಾರ, ಸಾಬೂನಿನ ಡಬ್ಬಿ, ಉಗುರು ಉಜ್ಜುವ ಬ್ರಶ್, ಎನಾಮೆಲ್ ಬೋಗುಣಿ, ಕೂಸನ್ನು ತೂಗುವ ಕೊಕ್ಕೆ ತಕ್ಕಡಿ. ಸರ್ಕಾರ ಆಯಿಯನ್ನು ಹಳ್ಳಿಗೆ ಕಳಿಸಿದ್ದೇ ಹಳ್ಳಿಯ ಸೂಲಗಿತ್ತಿಯ ಜಾಗಕ್ಕೆ. ತರಬೇತಿಯಲ್ಲಿ ಅವರಿಗೆ ಕಲಿಸಿದ್ದೂ ಹಾಗೇ: ಸೂಲಗಿತ್ತಿ ಅಂದರೆ ಕೊಳಕು, ಅಜ್ಞಾನ, ಸಾವು. ಪೂರ್ತಿ ಸುಳ್ಳೇನಲ್ಲ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಕೊಯ್ದು, ಗಾಯಕ್ಕೆ ಬೂದಿ ಇಲ್ಲವೇ ಸಗಣಿ ಮೆತ್ತುತ್ತಿದ್ದರು. ಆರನೆಯದೋ ಏಳನೆಯದೋ ದಿನ ಕೂಸು ಮೊಲೆ ಹಿಡಿಯೋದು ಬಿಡುತ್ತಿತ್ತು, ದವಡೆ ಕಚ್ಚಿಕೊಳ್ಳುತ್ತಿತ್ತು, ಬಿಲ್ಲಿನ ಹಾಗೆ ಸೆಟೆಯುತ್ತಿತ್ತು. ಧನುರ್ವಾಯು. ದೆವ್ವ ಬಡಿಯಿತು ಅನ್ನುತ್ತಿದ್ದರು.

ಖಾನಾಪುರದ ಆ ಊರುಗಳಲ್ಲಿ ಒಬ್ಬಳು ಹಳೇ ಸೂಲಗಿತ್ತಿ ಇದ್ದಳು. ಮರಾಠಿಯಲ್ಲಿ ಸೂಲಗಿತ್ತಿಗೆ ಸುಯೀಣ, ಸೂಜಿಗೆ ಸುಯೀ. ಹಾಗಾಗಿ ಜನ ಆಯಿಗೆ 'ಸುಯೀ ಹಾಕೋ ಸುಯೀಣ' ಅಂತ ತಮಾಷೆ ಮಾಡುತ್ತಿದ್ದರು. ಮೊದಲ ವರ್ಷ ಇಬ್ಬರೂ ಮುಖ ನೋಡುತ್ತಿರಲಿಲ್ಲ. ಆಮೇಲೆ ಒಂದು ಮಳೆಯ ರಾತ್ರಿ ಕೂಸು ಅಡ್ಡ ಇತ್ತು. ಹಳ್ಳ ತುಂಬಿ ಖಾನಾಪುರದ ದವಾಖಾನೆಗೆ ಒಯ್ಯುವ ದಾರಿ ಇಲ್ಲ. ಆ ಮುದುಕಿ ಹರಳೆಣ್ಣೆ ಹಚ್ಚಿದ ಕೈಯಿಂದ ಹೊಟ್ಟೆಯ ಮೇಲಿಂದಲೇ, ನೋವಿನ ನಡುವೆ ನಡುವೆ ನಿಲ್ಲಿಸುತ್ತ, ಕೂಸನ್ನು ತಿರುಗಿಸಿದ್ದನ್ನು ಆಯಿ ಕಂದೀಲು ಹಿಡಿದು ನೋಡಿದಳು. "ನಮಗ ಪುಸ್ತಕದಾಗ ಚಿತ್ರ ಇತ್ತು. ಆಕಿಗೆ ಕೈಯಾಗ ಇತ್ತು" ಅಂತಿದ್ದಳು. ಅಂದಿನಿಂದ ಒಂದು ಒಪ್ಪಂದ. ಹೊಟ್ಟೆ ಮುದುಕಿಯದು, ಹೊಕ್ಕುಳು ಆಯಿಯದು. ಕುದಿಸಿದ ಕತ್ತರಿ, ಕುದಿಸಿದ ದಾರ, ಗಾಯಕ್ಕೆ ಏನೂ ಹಚ್ಚೋದಿಲ್ಲ. ಆಯಿ ಬರೋದು ತಡವಾದರೆ ಹೊಸ ಬ್ಲೇಡು ಕುದಿಸಿ ಇಟ್ಟುಕೊಂಡಿರಬೇಕು. ಸರ್ಕಾರವೇ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು ಜೊತೆಗೆ ಕರೆದುಕೊಳ್ಳಬೇಕು ಅಂತ ಯೋಜನೆ ಮಾಡಿದಾಗ ಆಯಿ ನಕ್ಕಿದ್ದಳಂತೆ.

ನಡುವಿನ ಆಯಿಯ ಮದುವೆ, ಮೂರು ಮಕ್ಕಳು, ಸಿಡುಬಿನ ಕೆಲಸ ಇವನ್ನು ಬೇಗ ದಾಟುತ್ತೇನೆ. 'ದೇವಿ ಹಾಕಿಸಿಕೊಳ್ಳೋದು' ಅಂತ ಕರೆಯುತ್ತಿದ್ದ ಲಸಿಕೆಗೆ ಜನ ಹೆದರುತ್ತಿದ್ದರು, ಆದರೂ ನರ್ಸಬಾಯಿ ಹೇಳಿದ್ದಾಳೆ ಅಂತ ತೋಳು ಚಾಚುತ್ತಿದ್ದರು. ಭಾರತದ ಕೊನೆಯ ಸಿಡುಬಿನ ಪ್ರಕರಣ 1975ರ ಮೇ ತಿಂಗಳಲ್ಲಿ. ಆಮೇಲೆ ಸಿಡುಬು ತೋರಿಸಿದವರಿಗೆ ಸಾವಿರ ರೂಪಾಯಿ ಬಹುಮಾನ ಅಂತ ಸಾರಿದರೂ ಯಾರೂ ಬರಲಿಲ್ಲ. ಆಯಿಯ ಜೀವನದ ಬಹುದೊಡ್ಡ ಗೆಲುವು ಅದು ಅಂತ ನನಗೆ ಅನಿಸುತ್ತೆ. ಮುಂದಿನ ವರ್ಷವೇ ತುರ್ತು ಪರಿಸ್ಥಿತಿಯ ಟಾರ್ಗೆಟ್ ಬಂತು.

ಈ ಭಾಗ ಆಯಿ ನನಗೆ ಹೇಳಿದ್ದು 2018ರ ಜನವರಿಯಲ್ಲಿ. ಸೂಲಗಿತ್ತಿ ನರಸಮ್ಮ ಅವರಿಗೆ ಪದ್ಮಶ್ರೀ ಬಂದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಪಾವಗಡ ತಾಲೂಕಿನ ಕೃಷ್ಣಾಪುರದವರು. 1920ರಲ್ಲಿ ಹುಟ್ಟಿ, ತಮ್ಮ ಅಜ್ಜಿ ಮರಿಗೆಮ್ಮನಿಂದ ವಿದ್ಯೆ ಕಲಿತು, ಇಪ್ಪತ್ತನೇ ವಯಸ್ಸಿನಲ್ಲಿ ಮೊದಲ ಹೆರಿಗೆ ಮಾಡಿಸಿದವರು. ಎಪ್ಪತ್ತು ವರ್ಷದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದು ಪೈಸೆ ತೆಗೆದುಕೊಳ್ಳದೆ. ಓದು ಬರಹ ಇಲ್ಲದ ಅವರಿಗೆ ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು. ನಾನು ಗಟ್ಟಿಯಾಗಿ ಓದಿ ಹೇಳಿದೆ. ಆಯಿ ಎರಡು ಸಲ ಓದಿಸಿದಳು. ಮೊದಲು ಅವಳೊಳಗಿನ ಸರ್ಕಾರಿ ನೌಕರಳು ಮಾತಾಡಿದಳು:

"ಹದಿನೈದು ಸಾವಿರ? ರಿಜಿಸ್ಟರ್ ಯಾರು ತುಂಬಿದ್ರು?"

ನನಗೆ ನಗು ಬಂತು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು. ಪೇಪರಿನ ಫೋಟೋ ಮೇಲೆ ಬೆರಳು ಆಡಿಸುತ್ತ, "ಆಕಿನ್ನ ಯಾರೂ ಬಾಗಲಾ ಹಾಕಿ ಹೊರಗ ನಿಲ್ಲಿಸಿರಾಕಿಲ್ಲ ನೋಡ" ಅಂದಳು.

1976-77ರಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆದವು, ಬಹುಪಾಲು ಗಂಡಸರಿಗೆ. ಅದರಿಂದ ಸತ್ತವರ ಸಂಖ್ಯೆಯನ್ನು ಶಾ ಆಯೋಗ 1,774 ಅಂತ ದಾಖಲಿಸಿತು. ದೆಹಲಿ, ಉತ್ತರ ಪ್ರದೇಶಗಳ ಕಥೆ ಎಲ್ಲರೂ ಓದಿದ್ದೇವೆ. ಹಳ್ಳಿಯ ನರ್ಸಿನ ಕಡೆಯಿಂದ ಅದು ಹೇಗಿತ್ತು ಅಂತ ನಾನು ಕೇಳಿದ್ದು ಆವತ್ತೇ. ತಿಂಗಳಿಗೆ ಇಷ್ಟು 'ಕೇಸು' ತರಬೇಕು, ಇಲ್ಲದಿದ್ದರೆ ಸಂಬಳ ನಿಲ್ಲುತ್ತೆ. ಡಾಕ್ಟರಿಗೆ ಮೇಲಿನವರ ಬೈಗುಳ, ನರ್ಸಿಗೆ ಡಾಕ್ಟರದು. ನರ್ಸು ಯಾರಿಗೆ ಬೈಯಬೇಕು? ಅವಳಿಗೆ ಯಾರ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಗೊತ್ತು, ಯಾರು ತನ್ನ ಮಾತು ತೆಗೆದುಹಾಕೋದಿಲ್ಲ ಅಂತಲೂ ಗೊತ್ತು. ಇಪ್ಪತ್ತು ವರ್ಷ ಹಳ್ಳಿ ಹಳ್ಳಿ ನಡೆದು ಗಳಿಸಿದ್ದನ್ನೇ ಅವಳಿಂದ ಕೇಳಿದ್ದರು. ಆಯಿ ಕೊಟ್ಟಳು. ಮೂರು ಮಕ್ಕಳ ಸಾಲಿಯ ಫೀ, ಗಂಡನಿಗೆ ಖಾಯಂ ಕೆಲಸ ಇಲ್ಲ. ಎಷ್ಟು ಕೇಸು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ಅವಳು ಊರಿಗೆ ಬಂದರೆ ಗಂಡಸರು ಕಾಡಿಗೆ ಹೋಗಿಬಿಡುತ್ತಿದ್ದರು. ತುರ್ತು ಪರಿಸ್ಥಿತಿ 1977ರಲ್ಲಿ ಮುಗಿಯಿತು, ಜನರ ಸಂಶಯ ಮುಗಿಯಲಿಲ್ಲ. ಬಸುರಿಯರಿಗೆ ಧನುರ್ವಾಯು ಲಸಿಕೆ ಹಾಕಲು ಹೋದರೆ ಹೆಂಗಸರು ತೋಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. "ಬಾಯಾರ, ಇದು ಯಾವುದರ ಸೂಜಿ?" ಅಂತ ಒಬ್ಬಳು ಕೇಳಿದಳಂತೆ. ಆ ಹೆಂಗಸು ಆಯಿಯ ಕೈಯಲ್ಲೇ ಹುಟ್ಟಿದ ಹುಡುಗಿ.

1978ರ ಮಳೆಗಾಲ. ಅದೇ ಊರಿನ ಇನ್ನೊಂದು ಮನೆಯಲ್ಲಿ ಹೆರಿಗೆ. ಆ ಮನೆಯ ಗಂಡಸನ್ನು ಎರಡು ವರ್ಷದ ಹಿಂದೆ ಹೆಸರು ಬರೆಸಲು ಒಪ್ಪಿಸಿದ್ದವಳು ಆಯಿ. ಈಗ ಬಸುರಿ ಅವನ ತಮ್ಮನ ಹೆಂಡತಿ. ಆಯಿಗೆ ಹೇಳಕೂಡದು ಅಂತ ಸೂಲಗಿತ್ತಿಗೆ ತಾಕೀತು ಮಾಡಿದರು. ಮುದುಕಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ಅವಳ ಬದಲು ಬಂದವಳಿಗೆ ಬ್ಲೇಡು ಕುದಿಸುವ ಪಾಠ ಯಾರೂ ಹೇಳಿರಲಿಲ್ಲ. ಸುದ್ದಿ ಗೊತ್ತಾಗಿ ಮೂರನೇ ದಿನ ಆಯಿ ಹೋದಳು. ಬಾಗಿಲು ತೆಗೆಯಲಿಲ್ಲ. ಕಟ್ಟೆಯ ಮೇಲೆ ಛತ್ರಿ ಹಿಡಿದು ಕೂತಳು. ಒಳಗೆ ಕೂಸು ಅಳುವುದು ಕೇಳುತ್ತಿತ್ತು, ಗಟ್ಟಿ ಅಳು, ಚೆನ್ನಾಗಿದೆ ಅಂದುಕೊಂಡು ಎದ್ದು ಬಂದಳು. ಏಳನೇ ದಿನ ಹೋದಾಗ ಬಾಗಿಲು ತೆರೆದೇ ಇತ್ತು. ಕೂಸು ಅಳುತ್ತಿರಲಿಲ್ಲ. ದವಡೆ ಕಚ್ಚಿಕೊಂಡಿತ್ತು.

"ಖಾನಾಪುರಕ್ಕ ಒಯ್ಯೂಣು ಅಂದೆ. ಒಯ್ದ್ವಿ. ದಾರ್ಯಾಗ ಹೋತು."

ಅಷ್ಟೇ ಹೇಳಿ ಪೇಪರ್ ಮಡಚಿಟ್ಟಳು. ನಲವತ್ತು ವರ್ಷ ನಮ್ಮ ಮನೆಯಲ್ಲಿ ಯಾರಿಗೂ, ನನ್ನ ಅಪ್ಪನಿಗೂ, ಈ ವಿಷಯ ಗೊತ್ತಿರಲಿಲ್ಲ. ನರಸಮ್ಮ ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡಾಗ ನಾನು ಫೋನ್ ಮಾಡಿ ಹೇಳಿದೆ. ಆಯಿ ಹೂಂ ಅಂದಳು.

ಆ ಊರುಗಳಿಂದ ವರ್ಗ ಮಾಡಿಸಿಕೊಳ್ಳುವ ಅವಕಾಶ ಆಗಲೇ ಇತ್ತು. ಆಯಿ ಹೋಗಲಿಲ್ಲ. ಮತ್ತೆ ಹತ್ತು ವರ್ಷ ಅಲ್ಲೇ ಇದ್ದಳು. ಹೊಸ ಸೂಲಗಿತ್ತಿಗೆ ಬ್ಲೇಡು ಕುದಿಸೋದು ಕಲಿಸಿದಳು, ಕೇಳದಿದ್ದವರ ಕಟ್ಟೆಯ ಮೇಲೆ ಮತ್ತೆ ಮತ್ತೆ ಕೂತಳು. 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ತೋಳುಗಳು ಸೆರಗಿನಿಂದ ಹೊರಗೆ ಬಂದಿದ್ದವು ಅಂತ ಹೇಳುತ್ತಿದ್ದಳು. 1994ರಲ್ಲಿ ನಿವೃತ್ತಿಯಾಗಿ ಸಾಂಬ್ರಾಕ್ಕೆ ಬಂದಳು. ಭಾರತದಲ್ಲಿ ತಾಯಿ-ಕೂಸಿನ ಧನುರ್ವಾಯು ನಿರ್ಮೂಲನೆ ಆಯಿತು ಅಂತ 2015ರಲ್ಲಿ ಘೋಷಣೆಯಾದಾಗ ಅದು ಪೇಪರಿನ ಒಳಪುಟದ ಸಣ್ಣ ಸುದ್ದಿ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಗಡೆ ಆ ತುಂಡನ್ನು ಕತ್ತರಿಸಿ ಅಂಟಿಸಿದ್ದು ಮೊನ್ನೆ ನೋಡಿದೆ.

ಇನ್ನೊಂದೇ ಮಾತು. 2021ರಲ್ಲಿ ಕೊರೋನಾ ಲಸಿಕೆ ಹಿರಿಯರಿಗೆ ಶುರುವಾದಾಗ ನಮ್ಮ ಓಣಿಯಲ್ಲಿ ಯಾರೂ ಮುಂದೆ ಬರುತ್ತಿರಲಿಲ್ಲ. ಹಾಕಿಸಿಕೊಂಡರೆ ಎರಡು ವರ್ಷದಲ್ಲಿ ಸಾಯುತ್ತಾರೆ, ಮಕ್ಕಳಾಗೋದಿಲ್ಲ, ಇನ್ನೂ ಏನೇನೋ. ಎಂಬತ್ತೈದರ ಆಯಿ ಇಳಕಲ್ ಸೀರೆ ಉಟ್ಟು, ಲಸಿಕೆ ಹಾಕುವ ಕಡೆ ಬೆಳಿಗ್ಗೆ ಎಂಟಕ್ಕೇ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಹೊರಗಿನ ಕುರ್ಚಿಯ ಮೇಲೆ ಕೂತಳು. ಒಳಗೆ ಬನ್ನಿ ಅಜ್ಜಿ, ಬಿಸಿಲು, ಅಂತ ಸಿಸ್ಟರ್ ಕರೆದರೆ "ಇಲ್ಲೇ ಹಾಕವಾ" ಅಂದಳು. ಹುಡುಗಿ ಹೊಸಬಳು, ಕೈ ನಡುಗುತ್ತಿತ್ತು. ಆಯಿ ತಾನೇ ತೋಳು ಸಡಿಲ ಬಿಟ್ಟು, ಎಲ್ಲಿ ಅಂತ ಬೆರಳಿಟ್ಟು ತೋರಿಸಿದಳು. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತು ಹೋಗುವವರು ಬರುವವರನ್ನು ಹೆಸರು ಹಿಡಿದು ಕರೆದಳು. ಹತ್ತು-ಹನ್ನೆರಡು ಜನ ಬಂದರು, ಎಲ್ಲರೂ ಬರಲಿಲ್ಲ.

ಪೆಟ್ಟಿಗೆ ಈಗ ಬೆಂಗಳೂರಿಗೆ ನನ್ನ ಜೊತೆ ಬಂದಿದೆ. ಕತ್ತರಿ ತುಕ್ಕು ಹಿಡಿದಿದೆ, ದಾರದ ಉಂಡೆಯನ್ನು ಇಲಿ ಕಡಿದಿದೆ. ತಕ್ಕಡಿ ಮಾತ್ರ ಇನ್ನೂ ಕೆಲಸ ಮಾಡುತ್ತೆ. ನಿನ್ನೆ ಒಂದು ಕಿಲೋ ಬೆಲ್ಲದ ಪೊಟ್ಟಣ ಕೊಕ್ಕೆಗೆ ಸಿಕ್ಕಿಸಿ ನೋಡಿದೆ. ಐವತ್ತು ಗ್ರಾಂ ಹೆಚ್ಚು ತೋರಿಸಿತು.